ಕೆಂಪು ಸೀರೆಯ ಫೋಟೋ

ದಸರಾ ರಜೆಯ ಒಂದು ಬೆಳಿಗ್ಗೆ ಜಗಳೂರಿನ ಮರುಳಪ್ಪ ಮೇಷ್ಟ್ರ ಕೈಗೆ ಹೆಣ್ಣಿನ ಫೋಟೋ ಬಂತು. ಕೆರೆಬಿಳಚಿ ಕಡೆಯ ಸಂಬಂಧ. ಅಪ್ಪ, ಅವ್ವ, ಮೂವರು ಹೆಣ್ಣುಮಕ್ಕಳು ಸಾಲಾಗಿ ನಿಂತ ಕಪ್ಪುಬಿಳುಪು ಫೋಟೋ. ನಡುವಿನ ಹುಡುಗಿಯ ಸೀರೆಗೆ ಮಾತ್ರ ಕೆಂಪು ಬಣ್ಣ ಹಚ್ಚಿದ್ದರು. ಮೂವತ್ನಾಲ್ಕು ದಾಟಿದ್ದ ಮರುಳಪ್ಪನಿಗೆ ಹುಡುಗಿ ನೋಡಿದ ಕೂಡಲೇ ಹಿಡಿಸಿದಳು. ಪಕ್ಕದ ಮನೆ ಬೊಮ್ಮಕ್ಕ ಹೆಪ್ಪಿಗೆ ಮಜ್ಜಿಗೆ ಕೇಳಲು ಬರದಿದ್ದರೆ ಸಂಬಂಧ ಅಲ್ಲೇ ಕುದುರುತ್ತಿತ್ತು.

“ಎಲ್ಲ ಕಪ್ಪುಬಿಳುಪು, ಇದೊಂದು ಸೀರೆ ಯಾಕಪ್ಪ ಕೆಂಪು?” ಎಂದಳು ಬೊಮ್ಮಕ್ಕ.

“ಚೆಂದ ಕಾಣ್ಲಿ ಅಂತ ಇರ್ಬೇಕು ಬಿಡಕ್ಕ.”

“ನಿಂಗೇನು ತಿಳಿತೈತೆ! ಕಣ್ಣು ಸೀರೆ ಮ್ಯಾಲೆ ಬಿದ್ರೆ ಬ್ಯಾರೆ ಕಡೆ ಹೋಗಲ್ಲ. ಏನೋ ಮುಚ್ಚಾಕೆ ಹಿಂಗೆ ಮಾಡ್ಯಾರೆ.”

ಮಾತು ಮರುಳಪ್ಪನಿಗೆ ನಾಟಿತು. ಅಂಥ ಉಪಾಯವೊಂದು ಲೋಕದಲ್ಲಿ ಉಂಟೆಂಬುದರಲ್ಲಿ ಅವನಿಗೆ ಕಿಂಚಿತ್ತೂ ಸಂಶಯವಿರಲಿಲ್ಲ. ತಲೆಗೆ ಟೋಪಿ ಹಾಕಿಕೊಂಡು, ಫೋಟೋ ಹಿಡಿದು ನೇರ ಗಡಿಯಾರ ರಿಪೇರಿಯ ಗನಿಸಾಬನ ಅಂಗಡಿಗೆ ನಡೆದ.

ಗನಿಸಾಬ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಕೆಟ್ಟು ನಿಂತ ಗಡಿಯಾರದ ಹಾಗೆ ಫೋಟೋವನ್ನು ತಿರುಗಿಸಿ ಮುರುಗಿಸಿ ನೋಡಿದ. “ಮೇಷ್ಟ್ರೇ, ಎಡಗಾಲು ಕಾಣ್ತಾ ಇಲ್ಲ. ಸ್ಟೂಲಿನ ಹಿಂದೈತೆ.”

“ಐತೆ ತಾನೆ?”

“ಕಾಣ್ದಿದ್ದಕ್ಕೆ ನಾನು ಹೆಂಗ್ರಿ ಗ್ಯಾರಂಟಿ ಕೊಡ್ಲಿ?”

ಅಂಗಡಿ ಮುಂದೆ ಸೇರಿದವರು ಒಬ್ಬೊಬ್ಬರಾಗಿ ಮಸೂರ ಇಸಿದುಕೊಂಡು ನೋಡಿದರು. ಹತ್ತು ನಿಮಿಷದಲ್ಲಿ ಹುಡುಗಿಗೆ ಒಂದು ಕಾಲು ಹೋಯಿತು, ಒಂದು ಕಣ್ಣು ವಾರೆಯಾಯಿತು, ಕಿವಿ ಮಂದವಾಯಿತು.

ಫೋಟೋದ ಹಿಂದೆ ಚನ್ನಗಿರಿಯ ಸ್ಟುಡಿಯೋವೊಂದರ ಮೊಹರಿತ್ತು. ಮರುಳಪ್ಪ ಸಿಕ್ಕ ಬಸ್ಸು ಹತ್ತಿ, ದಾವಣಗೆರೆಯಲ್ಲಿ ಇಳಿದು ಇನ್ನೊಂದು ಹತ್ತಿ, ಮಧ್ಯಾಹ್ನ ಮೂರಕ್ಕೆ ಅಲ್ಲಿ ಹಾಜರಾದ.

“ನಾನು ಫೋಟೋ ಹೊಡೆಯೋನು,” ಎಂದ ಸ್ಟುಡಿಯೋದ ಬುಡನ್‌ಸಾಬ್. “ಬಣ್ಣ ಹಾಕೋರು ಒಳಗವ್ರೆ, ಕೇಳ್ರಿ.”

ಕಿಟಕಿಯ ಬೆಳಕಿಗೆ ಮುಖಮಾಡಿ ಹೆಂಗಸೊಬ್ಬಳು ಬ್ರಶ್ಶಿನಿಂದ ಯಾರದೋ ಕೆನ್ನೆಗೆ ಬಣ್ಣ ತೀಡುತ್ತಿದ್ದಳು. ಮರುಳಪ್ಪ ಹಿಂದಿನಿಂದಲೇ ಫೋಟೋ ಚಾಚಿದ. ಅವಳು ತಿರುಗದೆ ಇಸಿದುಕೊಂಡಳು.

“ಇದ್ರಾಗೆ ಏನು ಮುಚ್ಚಿಟ್ಟೀರಿ, ನಿಜ ಹೇಳ್ರಿ. ಈ ಹುಡುಗಿ ಕಾಲು ನೆಟ್ಟಗೈತಾ? ಕಣ್ಣು ವಾರೆನಾ? ಕೂಗಿದ್ರೆ ಕೇಳ್ತೈತಾ?”

ಹೆಂಗಸು ಬ್ರಶ್ಶು ಕೆಳಗಿಟ್ಟು ಎದ್ದಳು. ನಾಲ್ಕು ಹೆಜ್ಜೆ ನಡೆದು ಬಂದು ಅವನೆದುರು ನಿಂತಳು. ಫೋಟೋದ ಹುಡುಗಿಯೇ! ಸೀರೆ ಮಾತ್ರ ನೀಲಿ.

“ಕಾಲು ನೋಡಿದ್ರಿ. ಕಣ್ಣೂ ನೋಡ್ರಿ. ನೀವು ಅಂದಿದ್ದೆಲ್ಲ ಚೆನ್ನಾಗಿ ಕೇಳ್ತು,” ಎಂದಳು ಶಾಂತಾದೇವಿ. “ಮೂರು ಜನ ಅಕ್ಕತಂಗೇರು ನಿಂತೀವಿ. ಹೆಣ್ಣು ಯಾರು ಅಂತ ತಿಳೀಲಿ ಅಂತ ನನ್ ಸೀರೆಗೆ ನಾನೇ ಬಣ್ಣ ಹಾಕ್ದೆ.”

“ತಪ್ಪಾತ್ರೀ... ನಮ್ಮೂರಿನ ಜನ ಏನೇನೋ...”

“ನಿಮ್ಮೂರಿನ ಸ್ಟುಡಿಯೋದೋರೂ ಬಣ್ಣಕ್ಕೆ ನಮಗೇ ಕಳಿಸ್ತಾರೆ ಮೇಷ್ಟ್ರೇ. ನಿಮ್ಮ ಫೋಟೋನೂ ಬಂದಿತ್ತು. ಬೋಳುತಲೆಗೆ ಕೂದಲು ಬರೀರಿ, ಯಾರೂ ತಲೆ ನೋಡ್ದಂಗೆ ಟೈಗೆ ಕೆಂಪು ಹಾಕ್ರಿ ಅಂತ ಚೀಟಿ ಇಟ್ಟಿದ್ರಿ. ಎರಡು ದಿನ ಕೂತು ಒಂದೊಂದೇ ಕೂದಲು ಬರ್ದೆ.”

ಮರುಳಪ್ಪನ ಕೈ ತಾನಾಗಿಯೇ ಟೋಪಿಯ ಮೇಲೆ ಹೋಯಿತು. “ಗೊತ್ತಿದ್ದೂ ಫೋಟೋ ಕಳಿಸಿದ್ರಾ?”

“ಹ್ಞೂ. ಕೂದಲಿಲ್ದಿದ್ರೆ ಏನಾತು, ಪಾಪದ ಮನುಷ್ಯ ಅಂತ ಅಪ್ಪಾಜಿಗೆ ನಾನೇ ಹೇಳಿದ್ದೆ. ಇನ್ನು ಆ ಮಾತು ಬ್ಯಾಡ ಬಿಡ್ರಿ. ಅನುಮಾನ ಮುಚ್ಚೋ ಬಣ್ಣ ನಮ್ಮ ತಾವ ಇಲ್ಲ.”

ಮರುಳಪ್ಪ ಊರು ಸೇರಿದಾಗ ಗನಿಸಾಬ ಅಂಗಡಿ ಬಾಗಿಲು ಹಾಕುತ್ತಿದ್ದ. “ಮೇಷ್ಟ್ರೇ, ಐಬು ಸಿಕ್ತಾ?”

“ಸಿಕ್ತು ಸಾಬ್ರೇ,” ಎಂದು ಮರುಳಪ್ಪ ನಿಲ್ಲದೆ ನಡೆದ.

ಎದುರಿನ ಜಗುಲಿಯ ಮೇಲೆ ಕೂತಿದ್ದ ಬೊಮ್ಮಕ್ಕನಿಗೆ ಅಷ್ಟು ಸಾಕಾಯಿತು. “ನಾನು ಬೆಳಿಗ್ಗೆನೇ ಹೇಳಿರ್ಲಿಲ್ವಾ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು.