ನನ್ನ ಪುಣೆ ತಪ್ಪಿಸಿದ ದೊಡ್ಡಪ್ಪ

ನಮ್ಮ ದೊಡ್ಡಪ್ಪ ನನ್ನ ಭವಿಷ್ಯ ಹಾಳು ಮಾಡಿದವನು. ಇದು ನನ್ನ ಮಾತಲ್ಲ, ನಮ್ಮ ಇಡೀ ಬಳಗದ ಒಮ್ಮತದ ತೀರ್ಮಾನ. ರೋಣದ ನಮ್ಮ ಓಣಿಯಲ್ಲಿ ಯಾರನ್ನಾದರೂ ನಿಲ್ಲಿಸಿ, ಪುಣೆಯಲ್ಲಿ ಬಿಬಿಎ ಓದಬೇಕಾದ ಹುಡುಗಿ ಧಾರವಾಡದಲ್ಲಿ ಯಾಕೆ ಓದಿದಳು ಎಂದು ಕೇಳಿ ನೋಡಿ. ಕೈಯಲ್ಲಿದ್ದ ಕೆಲಸ ಬಿಟ್ಟು ಗಜೇಂದ್ರಗಡದ ದಿಕ್ಕಿಗೆ ಬೆರಳು ತೋರಿಸುತ್ತಾರೆ. "ಇಕಿ ದೊಡ್ಡಪ್ಪ ಅದಾನಲ್ರಿ, ದನದ ದಲಾಲ, ಅವಾ ಕೆಡಿಸಿದಾ ನೋಡ್ರಿ!" ನಮ್ಮ ಅವ್ವ ಇವತ್ತಿಗೂ ಅವನ ಚಹಾಕ್ಕೆ ಒಂದು ಚಮಚ ಸಕ್ಕರೆ ಕಡಿಮೆ ಹಾಕುತ್ತಾಳೆ. ಅದು ಅವಳು ವಿಧಿಸಿದ ಶಿಕ್ಷೆ. ಪಾಪ, ಅವನಿಗೆ ಗೊತ್ತಾಗುವುದೇ ಇಲ್ಲ. ಯಾಕೆಂದರೆ ಅವನು ಚಹಾ ಕುಡಿಯುವುದು ಅಡ್ಡಾಡುತ್ತ, ಅರ್ಧ ಚಹಾ ನೆಲದ ಪಾಲು!

ಹೌದು, ದೊಡ್ಡಪ್ಪನಿಗೆ ಕೂಡ್ರಲು ಬರುವುದಿಲ್ಲ. ಊಟಕ್ಕೂ ಕೂಡ್ರುವುದಿಲ್ಲ. ಅಂಗೈ ಮೇಲೆ ರೊಟ್ಟಿ, ರೊಟ್ಟಿ ಮೇಲೆ ಪಲ್ಯ ಹಾಕಿಸಿಕೊಂಡು ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ಸುತ್ತುತ್ತಾನೆ. ದೊಡ್ಡವ್ವ ಅವನಿಗೆ ಬಡಿಸುವುದಿಲ್ಲ, ಬೆನ್ನು ಹತ್ತುತ್ತಾಳೆ. ಗಜೇಂದ್ರಗಡದಿಂದ ನಮ್ಮೂರಿಗೆ ಬರುವಾಗ ಬಸ್ಸು ಸೂಡಿಯಲ್ಲಿ ಐದು ನಿಮಿಷ ನಿಂತರೆ ಸಾಕು, ಇಳಿದು ಮುಂದೆ ನಡೆಯತೊಡಗುತ್ತಾನೆ. ಬಸ್ಸು ಹಿಂದಿನಿಂದ ಬಂದಾಗ ಕೈ ಮಾಡಿ ಮತ್ತೆ ಹತ್ತುತ್ತಾನೆ. ಕಂಡಕ್ಟರುಗಳಿಗೆಲ್ಲ ಇದು ರೂಢಿಯಾಗಿದೆ. ಒಮ್ಮೆ ಬಸ್ಸು ಸೂಡಿಯಲ್ಲೇ ಕೆಟ್ಟು ನಿಂತುಬಿಟ್ಟಿತು. ದೊಡ್ಡಪ್ಪನಿಗೆ ಅದು ತಿಳಿಯಬೇಕಲ್ಲ? ನಡೆದ, ನಡೆದ, ಸುಡುಬಿಸಿಲಲ್ಲಿ ನಮ್ಮ ಮನೆಯ ಬಾಗಿಲಿಗೇ ಬಂದು, ಬೆವರು ಒರೆಸಿಕೊಳ್ಳುತ್ತ ಅಪ್ಪನಿಗೆ ಕೇಳಿದ: "ತಮ್ಮಾ, ಬಸ್ ಇನ್ನೂ ಬಂದಿಲ್ಲೇನ?"

ಅವನ ಉದ್ಯೋಗವೂ ಅಡ್ಡಾಡುವುದೇ. ದನದ ಸಂತೆಯಲ್ಲಿ ಎತ್ತು ಕೊಡಿಸುವುದು, ಮಾರಿಸುವುದು. ಎತ್ತಿನ ನಡಿಗೆ ನೋಡಿ, ಹಲ್ಲು ನೋಡಿ, ಬೆನ್ನು ಚಪ್ಪರಿಸಿ ಅದರ ಜಾತಕವನ್ನೇ ಹೇಳುತ್ತಾನೆ. ಆ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವ ಪದ್ಧತಿ ಇಲ್ಲ. ಇಬ್ಬರ ಕೈ ಸೇರಿಸಿ, ಮೇಲೊಂದು ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿದು ಹೇಳಬೇಕು. ಸುತ್ತ ನೂರು ಜನ ನಿಂತಿದ್ದರೂ ಒಬ್ಬರಿಗೂ ಗೊತ್ತಾಗಬಾರದು. "ಟಾವೆಲ್ ಕೆಳಗಿನ ಮಾತು ಟಾವೆಲ್ ಕೆಳಗ ಇರಬೇಕು," ಎನ್ನುವುದು ದೊಡ್ಡಪ್ಪ ಪಾಲಿಸಿಕೊಂಡು ಬಂದ ಒಂದೇ ಒಂದು ಶಾಸ್ತ್ರ. ಇನ್ನೊಂದು ಮಾತು. ಎತ್ತಿನ ವಯಸ್ಸಿನ ವಿಷಯದಲ್ಲಿ ಅವನು ಸುಳ್ಳು ಹೇಳಿದ್ದನ್ನು ಕೇಳಿದವರಿಲ್ಲ. ದಲಾಲರಲ್ಲಿ ಇದು ಸಣ್ಣ ಮಾತಲ್ಲ!

ತೊಂದರೆ ಏನೆಂದರೆ, ಈ ವಿದ್ಯೆಯನ್ನು ಅವನು ಎಲ್ಲದಕ್ಕೂ ಬಳಸುತ್ತಾನೆ. ನಮ್ಮ ಅಕ್ಕನನ್ನು ನೋಡಲು ವರ ಬಂದಾಗ ಅವನನ್ನು ಅಂಗಳದಲ್ಲಿ ಎರಡು ಸುತ್ತು ನಡೆಸಿದ. ಆಮೇಲೆ ಒಂದು ನಗೆಮಾತು ಹೇಳಿದ. ವರ ನಕ್ಕ. ದೊಡ್ಡಪ್ಪ ಬಗ್ಗಿ ನೋಡಿ ಅಪ್ಪನ ಕಿವಿಯಲ್ಲಿ, "ಹಲ್ಲು ಪಾಸ್," ಅಂದ. ಮದುವೆ ಆಯಿತು. ಭಾವ ಇವತ್ತಿಗೂ ದೊಡ್ಡಪ್ಪನ ಮುಂದೆ ಬಾಯಿ ಮುಚ್ಚಿಕೊಂಡೇ ನಗುತ್ತಾರೆ.

ಇಂಥವನ ಕೈಗೆ ನನ್ನ ಕಾಲೇಜಿನ ಪ್ರಶ್ನೆ ಸಿಕ್ಕಿತು.

ಪಿಯುಸಿ ಮುಗಿದಾಗ ನನಗೆ ಬಿಬಿಎ ಓದುವ ಹಟ. ಅಪ್ಪ ಬೀಜ ಗೊಬ್ಬರದ ಅಂಗಡಿಯವನು, ನಾನು ಚಿಕ್ಕವಳಿದ್ದಾಗಿನಿಂದ ಹಣದ ಗಲ್ಲೆಯ ಪಕ್ಕದಲ್ಲೇ ಬೆಳೆದವಳು, ವ್ಯಾಪಾರ ಓದುತ್ತೇನೆ ಎಂದರೆ ಅವನಿಗೂ ಖುಷಿಯೇ. ಆದರೆ "ಧಾರವಾಡ ಐತೆಲ್ಲ," ಅಂದ. ಧಾರವಾಡ! ಧಾರವಾಡಕ್ಕೆ ನಮ್ಮ ಓಣಿಯ ನಾಯಿಯೂ ಹೋಗಿ ಬಂದಿತ್ತು. ನನಗೆ ಬೇರೆ ರಾಜ್ಯ ಬೇಕು, ಬೇರೆ ಭಾಷೆ ಬೇಕು, ಫೋನಿನಲ್ಲಿ ಗೆಳತಿಯರಿಗೆ "ನಾನು ಪುಣೇದಾಗ ಇದೀನಿ" ಎನ್ನುವ ಗತ್ತು ಬೇಕು. ಮೂರು ತಿಂಗಳು ಜಗಳ ತೆಗೆದೆ. ಒಂದು ದಿನ ಉಪವಾಸವನ್ನೂ ಹೂಡಿದೆ. ಸಂಜೆ ಪಕ್ಕದ ಮನೆಯಿಂದ ಚುರುಮುರಿ ಗಿರಮಿಟ್ಟಿನ ವಾಸನೆ ಬರುವವರೆಗೆ ಅದು ಬಹಳ ಉಗ್ರವಾಗಿ ನಡೆಯಿತು.

ಕಡೆಗೆ ಅಪ್ಪ ಸೋತ. ಸೋತ ಮೇಲೆ ಅವನ ಹುರುಪು ನೋಡಬೇಕಿತ್ತು! ಮುಂಗಾರು ಬಿತ್ತನೆಯ ದಿನಗಳು. ಹೆಸರು ಬೀಜ ಕೇಳಿ ಬಂದವರಿಗೆ ಮೊದಲು, "ನಮ್ಮ ಹುಡುಗಿ ಪುಣೇಕ ಹೊಂಟಾಳ್ರಿ," ಎಂದು ಹೇಳಿ, ಆಮೇಲೆ ಪಾಕೀಟು ಕೊಡುತ್ತಿದ್ದ. ಅವ್ವ ಗಾಲಿ ಇರುವ ದೊಡ್ಡ ಸೂಟ್‌ಕೇಸು ತಂದಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿ ಡಬ್ಬಿ ತುಂಬಿದಳು. ಅದೇ ವಾರ, ಅರ್ಜಿ ಹಾಕಿದ್ದ ಪುಣೆ, ಧಾರವಾಡ ಎರಡೂ ಕಡೆಯಿಂದ ಸೀಟು ಸಿಕ್ಕಿದ ಸುದ್ದಿ ಬಂತು. ಯಾವುದಾದರೂ ಒಂದನ್ನು ಮುಂದಿನ ಸೋಮವಾರದೊಳಗೆ ಗಟ್ಟಿ ಮಾಡಬೇಕಿತ್ತು.

ಆಗ ನಾನು ಕಾಗದಗಳನ್ನೆಲ್ಲ ಮೊದಲ ಸಲ ಪೂರ್ತಿ ಓದಿದೆ. ಪುಣೆಯ ಹಾಸ್ಟೆಲಿನ ಕಾಗದದಲ್ಲಿ ರಜೆಗಳ ಪಟ್ಟಿ ಇತ್ತು. ದೀಪಾವಳಿಗೊಮ್ಮೆ, ಬೇಸಿಗೆಗೊಮ್ಮೆ. ನಡುವೆ ಅಷ್ಟುದ್ದದ ತಿಂಗಳುಗಳು! ಧಾರವಾಡವಾದರೆ ಶನಿವಾರ ಬಸ್ಸು ಹತ್ತಿ ಅವ್ವನ ಕೈಯ ರೊಟ್ಟಿಗೆ ಬರಬಹುದು, ಭಾನುವಾರ ಅಂಗಡಿಯಲ್ಲಿ ಕೂಡ್ರಬಹುದು. ನನಗೆ ಪುಣೆ ಬೇಡವಾಗಿತ್ತು. ಖಂಡಿತ ಬೇಡವಾಗಿತ್ತು. ಹೆದರಿಕೆ ಎಂದರೆ ಹೆದರಿಕೆ, ಮುಚ್ಚುಮರೆ ಯಾಕೆ? ಆದರೆ ಯಾವ ಬಾಯಿಂದ ಹೇಳಲಿ? ಮೂರು ತಿಂಗಳು ಕುಣಿದಾಡಿದ್ದೆ, ಅಪ್ಪ ಊರಿಗೆಲ್ಲ ಡಂಗುರ ಸಾರಿದ್ದ. ಈಗ ಒಲ್ಲೆ ಅಂದರೆ ಮದುವೆಯಾಗಿ ಮೊಮ್ಮಕ್ಕಳಾಗುವವರೆಗೂ ನನ್ನನ್ನು ಆಡಿಕೊಳ್ಳುತ್ತಾರೆ. ಯಾರಿಗೂ ಹೇಳಲಿಲ್ಲ. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ಸುಮ್ಮನೆ ಅಡ್ಡಾಡತೊಡಗಿದೆ.

ಅಷ್ಟರಲ್ಲಿ ದೊಡ್ಡಪ್ಪ ಬಂದ. ಎರಡೂ ಕಾಲೇಜಿನ ಬಣ್ಣಬಣ್ಣದ ಪುಸ್ತಕಗಳನ್ನು ನಡೆದಾಡುತ್ತಲೇ ತಿರುವಿ ಹಾಕಿದ.

"ಈ ಹುಡುಗ್ರು ಎಲ್ಲಾ ಪಟದಾಗೂ ನಗಾಕತ್ಯಾವಲ್ಲ, ಇಲ್ಲಿ ಪರೀಕ್ಷಿ ಇಲ್ಲೇನ?"

"ಅದು ಜಾಹೀರಾತು ದೊಡ್ಡಪ್ಪಾ."

"ಅದನ್ನ ಅಂದೆ. ಸಂತಿಗೆ ತರೂಮುಂದ ಮುದಿ ಎತ್ತಿಗೂ ಕೋಡಿಗೆ ಬಣ್ಣಾ ಹಚ್ಚಿ ತರತಾರ. ಕಾಲೇಜ ನೋಡಬಾರದವ್ವಾ, ಅಲ್ಲಿಂದ ಹೊರಬಿದ್ದ ಮಾಲು ನೋಡಬೇಕು. ನಡೀ, ಗಾಡಿ ಹತ್ತು."

ನರಗುಂದದಲ್ಲಿ ಒಬ್ಬ ಹುಡುಗ ಪುಣೆಯಲ್ಲಿ ಬಿಬಿಎ ಓದಿ ಬಂದು ತಂದೆಯ ಬಟ್ಟೆ ಅಂಗಡಿಯಲ್ಲಿ ಕೂತಿದ್ದ. ಅಬ್ಬಿಗೇರಿಯಲ್ಲಿ ಇನ್ನೊಬ್ಬ ಧಾರವಾಡದಲ್ಲಿ ಅದೇ ಬಿಬಿಎ ಓದಿ ಮನೆಯ ಉಳ್ಳಾಗಡ್ಡಿ ವ್ಯಾಪಾರ ನೋಡುತ್ತಿದ್ದ. ಇವರಿಬ್ಬರೇ ದೊಡ್ಡಪ್ಪನ ಮಾಲು. ಅಪ್ಪನ ಬೈಕಿನಲ್ಲಿ ಮೊದಲು ನರಗುಂದಕ್ಕೆ ಹೊರಟೆವು. ದಾರಿಯಲ್ಲಿ ಚಿಕ್ಕನರಗುಂದದ ಹತ್ತಿರ ಯಾರದೋ ಹೊಲದಲ್ಲಿ ಒಂದು ಎತ್ತು ಕುಂಟುವುದು ಕಂಡು ಗಾಡಿ ನಿಲ್ಲಿಸಿ ಓಡಿಬಿಟ್ಟ. ಎತ್ತಿನ ಗೊರಸಿನಿಂದ ಮುಳ್ಳು ತೆಗೆದು, ಹೊಲದವನಿಗೆ ಚೆನ್ನಾಗಿ ಬೈದು ವಾಪಸ್ಸು ಬರುವಷ್ಟರಲ್ಲಿ ನಾನು ಬಿಸಿಲಿಗೆ ಹಪ್ಪಳವಾಗಿದ್ದೆ.

ಬಟ್ಟೆ ಅಂಗಡಿಯ ಹುಡುಗನಿಗೆ ದೊಡ್ಡಪ್ಪ ಹೇಳಿದ ಮೊದಲ ಮಾತು: "ತಮ್ಮಾ, ಏಳು. ಆ ಗ್ವಾಡಿತನಾ ನಡದು ಬಾ."

ಗಿರಾಕಿ ದೇವರಲ್ಲವೇ? ಹುಡುಗ ನಡೆದು ಬಂದ. ದೊಡ್ಡಪ್ಪ ನನ್ನ ಕಿವಿಯಲ್ಲಿ, "ಎಡಗಾಲು ಚೂರು ಎಳೀತಾನ," ಅಂದ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಪುಣೇದಾಗ ಏನ ಕಲತಿ?"

"ಮಾರ್ಕೆಟಿಂಗ್ ರೀ, ಕಾಕಾರ."

"ಹಂಗಾದ್ರ ನನಗ ಒಂದು ಟಾವೆಲ್ ಮಾರು ನೋಡೂಣು. ನನಗಂತೂ ಬೇಕಾಗಿಲ್ಲ ಮತ್ತ!"

ಹುಡುಗ ನಕ್ಕು, ದೊಡ್ಡಪ್ಪನ ಹೆಗಲಿನ ಹಳೆಯ ಟವೆಲ್ಲನ್ನು ಎರಡು ಬೆರಳಿನಿಂದ ಎತ್ತಿ ನೋಡಿದ. "ಕಾಕಾರ, ನೀವು ಸಂತ್ಯಾಗ ಹಿರೇ ಮನುಷ್ಯಾರು ಕಾಣ್ತೀರಿ. ಈ ತೂತಿನ ಟಾವೆಲ್ ಹಾಕಿದ್ರ ಒಳಗಿನ ಬೆರಳು ಮಂದಿಗೆಲ್ಲಾ ಕಾಣ್ತಾವಲ್ರಿ!" ಅಷ್ಟೇ. ಹತ್ತು ನಿಮಿಷದ ಮೇಲೆ ನಾವು ಹೊರಗೆ ಬಂದಾಗ ದೊಡ್ಡಪ್ಪನ ಕೈಯಲ್ಲಿ ಕೆಂಪು ಅಂಚಿನ ನಾಲ್ಕು ಹೊಸ ಟವೆಲ್ ಇದ್ದವು. ಪರೀಕ್ಷೆ ಮಾಡಲು ಹೋದವನೇ ಫೇಲಾಗಿ ಬಂದಿದ್ದ.

ಅಬ್ಬಿಗೇರಿಯಲ್ಲಿ ಇನ್ನೂ ವಿಚಿತ್ರ. ಆ ಹುಡುಗನ ನಡಿಗೆ ಒಂದೇ ನೋಟಕ್ಕೆ ಪಾಸಾಯಿತು. ದೊಡ್ಡಪ್ಪನಿಗೆ ಖರೇನೇ ಒಂದು ಚೀಲ ಉಳ್ಳಾಗಡ್ಡಿ ಬೇಕಿತ್ತು. ಹುಡುಗ ಮಾತ್ರ ಕೊಡಲೇ ಇಲ್ಲ. "ಈ ಮಾಲು ಹಸಿ ಐತ್ರಿ, ಎಂಟು ದಿನದಾಗ ಕೊಳೀತೈತಿ. ಮುಂದಿನ ವಾರ ಬರ್ರಿ, ಚಲೋದು ಕೊಡ್ತೀನಿ," ಅಂದುಬಿಟ್ಟ.

ವಾಪಸ್ಸು ಬರುವಾಗ ದೊಡ್ಡಪ್ಪ ದಾರಿಯುದ್ದಕ್ಕೂ ಗೊಣಗಿದ. "ಒಬ್ಬಾಂವ ಬ್ಯಾಡಾದ್ದನ್ನ ಮಾರಿದಾ. ಇನ್ನೊಬ್ಬಾಂವ ಬೇಕಾದ್ದನ್ನ ಮಾರಲಿಲ್ಲ. ಯಾರು ಶಾಣ್ಯಾರವ್ವಾ ಇವರಾಗ?" ನಾನು ಹಿಂದೆ ಕೂತು ಹೂಂ ಅನ್ನುತ್ತಿದ್ದೆ. ನನ್ನ ತಲೆಯಲ್ಲಿ ಸೋಮವಾರ ಬಿಟ್ಟು ಬೇರೇನೂ ಇರಲಿಲ್ಲ.

ಭಾನುವಾರ ಮನೆ ತುಂಬ ಜನ. ಪುಣೆಗೆ ಹೋಗುವವಳನ್ನು ನೋಡಲು ಓಣಿಯವರು, ಅತ್ತೆಯರು, ಅಪ್ಪನ ಗಿರಾಕಿಗಳು. ನಡುಮನೆಯಲ್ಲಿ ಆ ಸೂಟ್‌ಕೇಸು ನೆಂಟರಂತೆ ಕೂತಿತ್ತು. ಅಪ್ಪ ಕಂಪ್ಯೂಟರ್ ಅಂಗಡಿಗೆ ಹೋಗಿ ಸೀಟು ಗಟ್ಟಿ ಮಾಡಿಸಲು ಚಪ್ಪಲಿ ಹಾಕಿಕೊಳ್ಳುತ್ತಿದ್ದ. ದೊಡ್ಡಪ್ಪ ಹೊಸ ಟವೆಲ್ ಹೆಗಲಿಗೆ ಹಾಕಿ, ಎಂದಿನಂತೆ ಜನರ ಕಾಲು ದಾಟುತ್ತ ಸುತ್ತುತ್ತಿದ್ದ. ಥಟ್ಟನೆ ನನ್ನ ಮುಂದೆ ನಿಂತ.

"ಏನವ್ವಾ, ಎಲ್ಲಿಗೆ ಹೊಂಟಿ?"

"ಪುಣೇಕ!" ಅಂದೆ. ಬಹಳ ಜೋರಾಗಿಯೇ ಅಂದೆ.

ದೊಡ್ಡಪ್ಪ ನನ್ನ ಮುಖ ನೋಡಲಿಲ್ಲ. ಕಾಲು ನೋಡಿದ. ಆಮೇಲೆ ಒಂದು ಕೆಲಸ ಮಾಡಿದ, ಅವ್ವ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ನೋಡುವಂಥ ಕೆಲಸ. ಅವನು ಕೂತ. ನನ್ನ ಪಕ್ಕದಲ್ಲಿ, ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತ!

"ನಾ ಬಂದಾಗಿಂದ ನೋಡಾಕತ್ತೇನಿ, ನೀನೂ ನನ್ಹಂಗ ಅಡ್ಡಾಡಾಕತ್ತಿ," ಎಂದು ನನಗೊಬ್ಬಳಿಗೇ ಕೇಳುವಂತೆ ಹೇಳಿದ. "ನಂದರ ಚಟ ಐತಿ. ನಿಂದೇನೈತಿ?"

ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಅವನು ದನಿ ಏರಿಸಿ, "ನಮ್ಮ ಪದ್ಧತಿ ಪ್ರಕಾರ ವ್ಯಾಪಾರ ಆಗಬೇಕು! ಒಂದು ಬೆರಳು ಹಿಡಿದರ ಧಾರವಾಡ, ಎರಡು ಹಿಡಿದರ ಪುಣೆ," ಎಂದು ನನ್ನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು ಮೇಲೆ ಟವೆಲ್ ಹೊದಿಸಿದ. ಎಲ್ಲರೂ ಹೋ ಎಂದು ನಕ್ಕರು. ಹುಚ್ಚು ದೊಡ್ಡಪ್ಪನ ಹೊಸ ಆಟ! ಅಪ್ಪನೂ ಚಪ್ಪಲಿ ಬಿಟ್ಟು ನಗುತ್ತ ನಿಂತ.

ಗಂಜಿಯ ವಾಸನೆ ಇನ್ನೂ ಹೋಗಿರದ ಆ ಟವೆಲ್ಲಿನ ಕೆಳಗೆ ದೊಡ್ಡಪ್ಪನ ಕೈ ಒರಟಾಗಿ, ಬೆಚ್ಚಗೆ ಇತ್ತು. ನಾನು ಅವನ ಒಂದು ಬೆರಳು ಹಿಡಿದೆ. ಹಿಡಿದವಳಿಗೆ ಬಿಡಲು ಆಗಲಿಲ್ಲ. ಅವನು ಎರಡನೆಯ ಬೆರಳನ್ನೂ ಮುಂದೆ ಮಾಡಿದ, ಸರಿಯಾಗಿ ನೋಡಿಕೋ ಎನ್ನುವಂತೆ. ನಾನು ಅದನ್ನು ಆಚೆ ತಳ್ಳಿ ಒಂದನ್ನೇ ಗಟ್ಟಿಯಾಗಿ ಹಿಡಿದೆ.

ದೊಡ್ಡಪ್ಪ ಟವೆಲ್ ಕೊಡವಿ ಎದ್ದ.

"ವ್ಯಾಪಾರ ಮುರೀತು! ಹುಡುಗಿ ಭಾಳ ಹಟದಾಕಿ, ಎರಡು ಬಿಟ್ಟು ಕೆಳಗ ಇಳೀವಲ್ಲಳು. ಖರೇ, ನಾ ಒಪ್ಪಾಂಗಿಲ್ಲ. ಪುಣೇದಾಗ ಕಲತ ಆ ನರಗುಂದದ ಹುಡುಗ ನನ್ನ ತಲಿಗೆ ನಾಕು ಟಾವೆಲ್ ಕಟ್ಯಾನ! ಅಂಥಾ ವಿದ್ಯಾ ನಮ್ಮ ಮನಿಗೆ ಬ್ಯಾಡ. ಧಾರವಾಡ, ಮುಗೀತು. ಮನಿ ಹಿರಿಯಾ ನಾ ಹೇಳಾಕತ್ತೇನಿ."

ನಗು ನಿಂತಿತು. "ಅಣ್ಣಾ, ನಿನಗ ತಲಿ ಕೆಟ್ಟೈತೇನ? ಟಾವೆಲ್ ಸಲುವಾಗಿ ಹುಡುಗಿ ಜೀವನಾ ಹಾಳ ಮಾಡ್ತಿ?" ಎಂದು ಅಪ್ಪ ಕೂಗಿದ. ಅವ್ವ ಸೆರಗು ಕಣ್ಣಿಗೆ ಒತ್ತಿಕೊಂಡಳು. ಅತ್ತೆಯೊಬ್ಬಳು, "ಇಂಥಾ ಹುಚ್ಚನ್ನ ಮನಿಯೊಳಗ ಬಿಟ್ಟವರು ಯಾರು?" ಅಂದಳು. ದೊಡ್ಡಪ್ಪ ಎಲ್ಲವನ್ನೂ ಕೇಳುತ್ತ ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ಅಡ್ಡಾಡಿದ. ಅಪ್ಪ ಅಣ್ಣನಿಗೆ ಬೈಯುತ್ತಾನೆ, ಆದರೆ ಅವನ ಮಾತು ಮೀರುವುದಿಲ್ಲ. ಧಾರವಾಡ ಗಟ್ಟಿಯಾಯಿತು. ಮತ್ತೆ ನಾನು? ನಾನು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಕೇಳಿದವರಿಗೆಲ್ಲ, "ದೊಡ್ಡಪ್ಪ ಬಿಡಲಿಲ್ಲ," ಅಂದೆ. ನಾಚಿಕೆಗೇಡಿ! ಅಪ್ಪ ದೀಪಾವಳಿಯವರೆಗೆ ಅವನ ಜೊತೆ ಮಾತು ಬಿಟ್ಟ. ಹಾಗಿದ್ದರೂ ದೊಡ್ಡಪ್ಪ ಯಾರಿಗೂ ಒಂದು ಮಾತು ಹೇಳಲಿಲ್ಲ.

ಈಗ ಓದು ಮುಗಿದಿದೆ. ಅಪ್ಪನ ಅಂಗಡಿಯ ಗಲ್ಲೆಯ ಮೇಲೆ ನಾನಿದ್ದೇನೆ, ಸುಖವಾಗಿದ್ದೇನೆ. ಮೊನ್ನೆ ಮನೆಗೆ ಬಂದ ಬೀಗರೊಬ್ಬರು ಊಟವಾದ ಮೇಲೆ ಅದೇ ಹಳೆಯ ಮಾತು ತೆಗೆದರು. "ಆವಾಗ ನೀವು ಅಡ್ಡ ಬರಲಿಲ್ಲಂದ್ರ ಹುಡುಗಿ ಎಲ್ಲೋ ಇರ್ತಿದ್ಲು ನೋಡ್ರಿ." ಕೈ ತೊಳೆದು ಸುತ್ತುತ್ತಿದ್ದ ದೊಡ್ಡಪ್ಪ, "ಹೌದ್ರಿ, ಆವಾಗ ನನ್ನ ತಲಿ ಸರಿ ಇರಲಿಲ್ಲ," ಎಂದು ತಣ್ಣಗೆ ಒಪ್ಪಿಕೊಂಡ.

ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಅವನ ಹೆಗಲಿನ ಟವೆಲ್ ಎಳೆದುಕೊಂಡೆ. ಕೆಂಪು ಅಂಚು ಮಾಸಿತ್ತು. ಅವನ ಕೈ ಹಿಡಿದು, ಮೇಲೆ ಹೊದಿಸಿ, "ಹೇಳಿಬಿಡ್ಲಿ ದೊಡ್ಡಪ್ಪಾ, ಎಲ್ಲಾರ ಮುಂದ?" ಎಂದು ಕೇಳಿದೆ. ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ.

"ಬ್ಯಾಡವ್ವಾ," ಅಂದ. "ನನಗ ಬೈಸಿಕೊಂಡು ರೂಢಿ ಆಗೈತಿ. ನಿನಗ ಆಗಿಲ್ಲ."

ನಾನು ಒಳಗೆ ಅವನ ಒಂದು ಬೆರಳು ಹಿಡಿದುಕೊಂಡೆ. ಅವ್ವ ಚಹಾ ತಂದಳು. ದೊಡ್ಡಪ್ಪ ಕೈ ಬಿಡಿಸಿಕೊಳ್ಳಲಿಲ್ಲ. ನನ್ನ ಪಕ್ಕದಲ್ಲೇ ಕೂತು, ಒಂದು ಹನಿಯೂ ಚೆಲ್ಲದೆ ಆ ಚಹಾ ಪೂರ್ತಿ ಕುಡಿದ. ಆಮೇಲೆ ಬಟ್ಟಲು ಕೆಳಗಿಟ್ಟು ಅವ್ವನ ಕಡೆ ನೋಡಿ ಹೇಳಿದ: "ಯವ್ವಾ, ಸಕ್ಕರಿ ಕಡಿಮಿ ಆಗೈತಿ."