ಅಂಜೂರ ಕಾಲದ ಓರಗಿತ್ತಿ

ನನ್ನ ಓರಗಿತ್ತಿಯ ಉದ್ಯೋಗ ಜನರನ್ನು ಮಲಗಿಸುವುದು! ತಪ್ಪು ತಿಳಿಯಬೇಡಿ, ಆಕೆ ಅರಿವಳಿಕೆ ಡಾಕ್ಟರು. ಆಪರೇಷನ್ನಿಗೆ ಮುಂಚೆ ಸೂಜಿ ಚುಚ್ಚಿ "ಹತ್ತರಿಂದ ಹಿಂದಕ್ಕೆ ಎಣಿಸಿ" ಅನ್ನುತ್ತಾರಲ್ಲ, ಅವರು. ಊರಿನವರನ್ನೆಲ್ಲ ಇಷ್ಟು ಸೊಗಸಾಗಿ ಮಲಗಿಸುವ ಈ ಮಹಾತಾಯಿ, ಆಗಸ್ಟ್ ಬಂತೆಂದರೆ ಸ್ವಂತ ಮೈದುನನ ಸಂಸಾರವನ್ನು ಮಾತ್ರ ಒಂದು ಭಾನುವಾರವೂ ಮಲಗಲು ಬಿಡುವುದಿಲ್ಲ. ಕ್ಯಾಂಪ್‌ಬೆಲ್‌ನ ಅವರ ಹಿತ್ತಿಲಲ್ಲಿ ಒಂದು ಅಂಜೂರದ ಮರವಿದೆ. ನಮ್ಮ ಕಷ್ಟಕ್ಕೆಲ್ಲ ಅದೇ ಮೂಲ.

ಬೆಳಿಗ್ಗೆ ಏಳಕ್ಕೇ ಫೋನು.

"ಹಣ್ಣಾಗಿದೆ. ಹೊರಡಿ."

"ಅಕ್ಕ, ಇವತ್ತು ಬಟ್ಟೆ ಒಗೆಯೋದಿದೆ, ಗ್ರೋಸರಿ ತರೋದಿದೆ..."

"ಬಟ್ಟೆ ಕಾಯ್ತದೆ ಮಾರಾಯ್ತಿ, ಅಂಜೂರ ಕಾಯುದಿಲ್ಲ."

ಉಡುಪಿಯವರ ಜೊತೆ ವಾದ ಮಾಡಿ ಗೆದ್ದವರನ್ನು ನೀವು ಯಾರಾದರೂ ನೋಡಿದ್ದೀರಾ? ನಾನು ನೋಡಿಲ್ಲ. ವಾರವಿಡೀ ಆಫೀಸಿನಲ್ಲಿ ಸವೆದ ಮೈಯನ್ನು ಕಾರಿಗೆ ತುಂಬಿ, ಹಿಂದಿನ ಸೀಟಿನಲ್ಲಿ ತೂಕಡಿಸುವ ಮಗಳನ್ನೂ ತುಂಬಿ, ಯೂನಿಯನ್ ಸಿಟಿಯ ನಮ್ಮ ಮನೆಯಿಂದ ಫ್ರೀವೇ ಹತ್ತುತ್ತೇವೆ.

ಈ ಹುಚ್ಚು ಹಿಡಿದದ್ದು ಅಕ್ಕ ಓದಲೆಂದು ಈ ದೇಶಕ್ಕೆ ಬಂದಿದ್ದಾಗ. ಒಬ್ಬ ಇಟಲಿಯ ಅಜ್ಜಿಯ ಮನೆಯಲ್ಲಿ ಬಾಡಿಗೆಗೆ ಒಂದು ರೂಮು ಹಿಡಿದಿದ್ದರಂತೆ. ಅಜ್ಜಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಇವರಿಗೆ ಇಟಾಲಿಯನ್ ಸೊನ್ನೆ. ಇಬ್ಬರೂ ಒಲೆ ಮುಂದೆ ಕೈಸನ್ನೆಯಲ್ಲೇ ಮೂರು ವರ್ಷ ಕಳೆದರು. ಮನೆ ಬಿಡುವಾಗ ಅಜ್ಜಿ ತನ್ನ ಅಂಜೂರದ ಮರದಿಂದ ಕತ್ತರಿಸಿ ಕೊಟ್ಟ ಕಡ್ಡಿಯೇ ಇವತ್ತಿನ ಮರ. ಹಾಗಾಗಿ ಆಗಸ್ಟಿನಲ್ಲಿ ಅಕ್ಕ ಉಡುಪಿಯವರೂ ಅಲ್ಲ, ನಮ್ಮ ಮೈಸೂರು ಮನೆತನದ ಹಿರಿಸೊಸೆಯೂ ಅಲ್ಲ, ಶುದ್ಧ ಇಟಲಿ!

ಹಣ್ಣು ಕೀಳುವುದಕ್ಕೂ ಪಾಠ ಉಂಟು. "ಕತ್ತು ಬಗ್ಗಿರ್ಬೇಕು, ಸಿಪ್ಪೆ ಬಿರಿದಿರ್ಬೇಕು, ಮುಟ್ಟಿದ್ರೆ ಮೆತ್ತಗಾಗ್ಬೇಕು. ಅದು ಸರಿಯಾದ ಹಣ್ಣು." ಇವರು ಹಣ್ಣಿನ ಬಗ್ಗೆ ಹೇಳುತ್ತಿದ್ದಾರೋ ನನ್ನ ಬಗ್ಗೆಯೋ ಎಂದು ನನಗೆ ಪ್ರತಿವರ್ಷವೂ ಅನುಮಾನ. ಮೇಲಾಗಿ ತೊಟ್ಟಿನ ಹಾಲು ತಾಗಿದರೆ ಮೊಣಕೈವರೆಗೂ ತುರಿಕೆ. ಸೋಮವಾರದ ಮೀಟಿಂಗಿನಲ್ಲಿ ನಾನು ಮೇಜಿನ ಕೆಳಗೆ ಕೈ ಕೆರೆದುಕೊಳ್ಳುತ್ತಾ ಕೂತಿರುತ್ತೇನೆ.

ಅಡುಗೆಮನೆಯಲ್ಲಿ ಇನ್ನೂ ಕಟ್ಟುನಿಟ್ಟು. ಹಣ್ಣನ್ನು ನಾಲ್ಕು ಹೋಳಾಗುವಂತೆ ಸೀಳಬೇಕು, ಬುಡ ಮಾತ್ರ ಕೂಡಿಕೊಂಡೇ ಇರಬೇಕು. ಒಳಗೆ ಮೇಕೆ ಹಾಲಿನ ಚೀಸ್ ತುಂಬಿ, ಒಂದು ತೊಟ್ಟು ಜೇನು ಬಿಟ್ಟು ಓವನ್ನಿಗಿಡಬೇಕು. ಇಟಲಿಯ ಮನೆಗಳಲ್ಲಿ ಇದಕ್ಕೆ ಹಂದಿಮಾಂಸದ ತೆಳು ಹಾಳೆ ಸುತ್ತುತ್ತಾರಂತೆ. ನಮ್ಮದು ಸಸ್ಯಾಹಾರ. ಅಕ್ಕ ಏನು ಮಾಡಿದರು ಗೊತ್ತೇ? ಮೇಲೆ ಹಲಸಿನ ಹಪ್ಪಳ ಪುಡಿಮಾಡಿ ಉದುರಿಸಿದರು! "ಇಟಲಿಯಲ್ಲಿ ಹಪ್ಪಳ ಎಲ್ಲಿಂದ ಬಂತು?" ಅಂದರು ಭಾವ. "ಅದರ ಉಪ್ಪು ಬೇಕು, ಅಷ್ಟೆ. ನೀವು ಸುಮ್ಮನೆ ತಿನ್ನಿ."

ಹಪ್ಪಳ ಆಗಬಹುದು, ಏಲಕ್ಕಿ ಮಾತ್ರ ಕೂಡದು. ಒಂದು ವರ್ಷ ಅವರು ಫೋನಿನಲ್ಲಿದ್ದಾಗ ಕುದಿಯುತ್ತಿದ್ದ ಅಂಜೂರದ ಜಾಮಿಗೆ ನಾನು ಒಂದು ಚಿಟಿಕೆ ಏಲಕ್ಕಿ ಪುಡಿ ಹಾಕಿಬಿಟ್ಟೆ. ಮೂಗು ಅರಳಿಸುತ್ತಾ ಬಂದರು.

"ಯಾರು ಹಾಕಿದ್ದು?"

ನನ್ನ ಗಂಡ, ನನ್ನ ಕೈಹಿಡಿದ ಗಂಡ, ಆ ಕ್ಷಣವೇ ನನ್ನತ್ತ ಬೆರಳು ತೋರಿಸಿದ! ಅಕ್ಕ ಹನ್ನೊಂದು ಬಾಟಲಿಯನ್ನೂ ನನ್ನ ಮುಂದೆ ಸಾಲಾಗಿಟ್ಟು, "ಇದು ಜಾಮ್ ಅಲ್ಲ, ಪಾಯಸ. ತಗೊಂಡು ಹೋಗು" ಅಂದರು. ದೀಪಾವಳಿವರೆಗೂ ನಮ್ಮ ಮನೆಯಲ್ಲಿ ಚಪಾತಿಗೆ ಅದೇ ಗತಿ. ಕೊನೆಗೆ ಮಗಳು, "ಅಮ್ಮ, ಕ್ಯಾನ್ ವಿ ಪ್ಲೀಸ್ ಜಸ್ಟ್ ಹ್ಯಾವ್ ಚಟ್ನಿ?" ಎಂದು ಅತ್ತೇಬಿಟ್ಟಳು.

ಈ ವರ್ಷವೂ ಫೋನು ಬಂತು, ಹೋದೆವು. ಹಣ್ಣು ಸೀಳುತ್ತಾ ನಿಂತಿದ್ದೆ. ಪಕ್ಕದಲ್ಲಿ ಅಕ್ಕ.

"ಎಂತ, ಮುಖ ಸಪ್ಪೆ?"

"ಆಫೀಸು, ಅಕ್ಕ."

"ಆಫೀಸು ದಿನಾ ಉಂಟು. ಎಂತ, ಹೇಳು."

ಹೇಳಬಾರದು ಅಂತಲೇ ಇದ್ದೆ. ಬಾಯಿ ತಾನಾಗಿ ಹೇಳಿಬಿಟ್ಟಿತು. "ಎದೇಲಿ ಒಂದು ಗಂಟು ಸಿಕ್ಕಿದೆ. ಗುರುವಾರ ಬಯಾಪ್ಸಿ. ಇವರಿಗೂ ಹೇಳಿಲ್ಲ."

ಅಕ್ಕ ಓವನ್ ಆರಿಸಿದರು. ಆಪರೇಷನ್ನಿಗೆ ಹೊರಟವರಂತೆ ಮೊಣಕೈವರೆಗೂ ಕೈ ತೊಳೆದು ಒರೆಸಿಕೊಂಡರು. ಆಮೇಲೆ ನನ್ನ ಕೈಯಿಂದ ಚಾಕು ತೆಗೆದಿಟ್ಟು ಕುರ್ಚಿ ಎಳೆದರು. ಯಾವ ಕಡೆ, ಯಾವತ್ತು ಗೊತ್ತಾಯಿತು, ಸ್ಕ್ಯಾನಿನಲ್ಲಿ ಏನಂದರು, ಎಲ್ಲ ಮೆಲ್ಲಗೆ ಕೇಳಿದರು. "ಅವನಿಗೆ ಇವತ್ತೇ ಹೇಳು. ಗುರುವಾರ ನಾನೂ ಬರ್ತೇನೆ."

"ನಿಮಗೆ ಡ್ಯೂಟಿ ಇರುತ್ತಲ್ಲ?"

"ಇನ್ನೊಬ್ಬರು ಮಾಡ್ತಾರೆ. ನೀನು ಸುಮ್ಮನಿರು."

ಗುರುವಾರ ಬಂದರು. ನನ್ನ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ಕೂತಿದ್ದರಂತೆ, ಒಂದೂ ಮಾತಾಡಲಿಲ್ಲವಂತೆ. ನನ್ನ ಗಂಡನಿಗೆ ಬಯಾಪ್ಸಿಗಿಂತ ಅದೇ ಹೆಚ್ಚು ಭಯವಾಯಿತಂತೆ!

ರಿಪೋರ್ಟು ಮಂಗಳವಾರ ಬರುವುದಿತ್ತು. ಗಂಡ ರಜೆ ಹಾಕುತ್ತೇನೆಂದ, ನಾನೇ ಬೇಡವೆಂದೆ. ಮಧ್ಯಾಹ್ನ ನೋಡಿದರೆ ನಮ್ಮ ಆಫೀಸಿನ ಪಾರ್ಕಿಂಗಿನಲ್ಲಿ ಅಕ್ಕನ ಕಾರು. "ಈ ಕಡೆ ಸ್ವಲ್ಪ ಕೆಲಸ ಇತ್ತು" ಅಂದರು. ಕಾರಿನಲ್ಲೇ ಇಬ್ಬರೂ ಕೂತೆವು. ಒಂದು ಗಂಟೆ ಕಳೆದ ಮೇಲೆ ಆಸ್ಪತ್ರೆಯಿಂದ ಫೋನು ಬಂತು.

"ಕ್ಯಾನ್ಸರ್ ಅಲ್ಲವಂತೆ, ಅಕ್ಕ. ಬರೀ ಗಂಟಂತೆ."

"ನಂಗೆ ಗೊತ್ತಿತ್ತು" ಅಂದವರೇ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅಳತೊಡಗಿದರು. ಹಣೆ ಸರಿಯಾಗಿ ಹಾರ್ನಿನ ಮೇಲೆ! ಇಡೀ ಪಾರ್ಕಿಂಗ್ ಲಾಟು ಬೊಬ್ಬೆ ಹೊಡೆಯಿತು. ನಾನು ಅವರ ತಲೆ ಎತ್ತಿ ಹೆಗಲಿಗೆ ಒರಗಿಸಿಕೊಂಡು ಬೆನ್ನು ಸವರುತ್ತಿದ್ದೆ. ಅಷ್ಟರಲ್ಲಿ ಸೆಕ್ಯೂರಿಟಿಯವನು ಓಡಿಬಂದು ಕಿಟಕಿಗೆ ಬಗ್ಗಿ, ಏನಾಯಿತು, ಇವರು ಯಾರು ಎಂದು ಕೇಳಿದ.

ಓರಗಿತ್ತಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ, ಹುಡುಕುವ ತ್ರಾಣ ನನ್ನಲ್ಲಿರಲಿಲ್ಲ.

"ಮೈ ಸಿಸ್ಟರ್" ಅಂದೆ.