ಹಗ್ಗದ ಪಾಲು

ನನ್ನಲ್ಲಿ ಒಂದು ದೋಷವಿದೆ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ನಾನು ನೋಡುವ ಮನುಷ್ಯ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೆ ಅದು ಹೇಗೆ ಮೆಲ್ಲಗೆ ಮೇಲೇಳುತ್ತದೆ, ಅಂಚಿಗೆ ಬಂದು ಹೇಗೆ ಒಂದು ಕ್ಷಣ ತಡೆದು ನಿಲ್ಲುತ್ತದೆ ಎಂದು ನೋಡುತ್ತ ನಿಂತುಬಿಡುತ್ತೇನೆ. ಒಲೆ ಆರಿಸಬೇಕೆಂದು ನೆನಪಾಗುವಷ್ಟರಲ್ಲಿ ಹೆಂಡತಿ ಸುನಂದಾ ಹಿತ್ತಲಿನಿಂದ ಓಡಿ ಬಂದಿರುತ್ತಾಳೆ. "ಕಣ್ಣು ಎದಕ್ಕ ಅದಾವ್ರಿ ನಿಮಗ?" ಎಂದು ಕೇಳುತ್ತಾಳೆ. ಕಣ್ಣಿರುವುದರಿಂದಲೇ ಈ ತೊಂದರೆ ಎಂದು ಅವಳಿಗೆ ಇಷ್ಟು ವರ್ಷವಾದರೂ ತಿಳಿಸಿ ಹೇಳಲಾಗಿಲ್ಲ. ದೇವರು ನನಗೆ ಕಣ್ಣು ಕೊಡುವಾಗ ಧಾರಾಳವಾಗಿದ್ದ. ಕೈಕಾಲು ಕೊಡುವ ಹೊತ್ತಿಗೆ ಅವನಿಗೂ ಊಟದ ಸಮಯ ಆಗಿರಬೇಕು.

ಇಂಥವನ ಕೈಗೆ ಕ್ಯಾಮೆರಾ ಇರುವ ಫೋನು ಸಿಕ್ಕರೆ ಏನಾಗಬೇಕೋ ಅದೇ ಆಯಿತು. ಆದರೆ ವಿಚಿತ್ರವೆಂದರೆ, ಆಳಂದದ ನಮ್ಮ ಶಾಲೆಯಲ್ಲಿ ಫೋನನ್ನು ನನ್ನಷ್ಟು ಬೈಯುವ ಮಾಸ್ತರ ಇನ್ನೊಬ್ಬನಿರಲಿಲ್ಲ. "ಮೊದಲು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಬಿದ್ದರೆ ನಾಲ್ಕು ಮಂದಿ ಎತ್ತುತ್ತಿದ್ದರು, ಇಬ್ಬರು ನೀರು ಕೊಡುತ್ತಿದ್ದರು, ಉಳಿದವರೆಲ್ಲ ಬುದ್ಧಿ ಹೇಳುತ್ತಿದ್ದರು. ಈಗ ಬಿದ್ದವನು ಏಳುವುದರೊಳಗೆ ಅವನ ವಿಡಿಯೊ ಅಫಜಲಪುರ ದಾಟಿ ಜೇವರ್ಗಿ ಮುಟ್ಟಿರುತ್ತದೆ" ಎಂದು ನಾನು ಸ್ಟಾಫ್ ರೂಮಿನಲ್ಲಿ ಚಹಾದ ಹೊತ್ತಿಗೆ ಹೇಳುತ್ತಿದ್ದೆ. ಕೇಳಿ ಕೇಳಿ ಬೇಸತ್ತ ಹೆಡ್‌ಮಾಸ್ತರರು, "ಅದನ್ನೇ ಮಕ್ಕಳಿಗೆ ಹೇಳಿ, ನಮ್ಮನ್ನು ಬಿಡಿ" ಎಂದು ಶಾಲೆಯ ಕಾರ್ಯಕ್ರಮದಲ್ಲಿ ನನ್ನ ಭಾಷಣ ಇಟ್ಟರು. ವಿಷಯ: ಮೊಬೈಲು ಮತ್ತು ಮಾನವೀಯತೆ. ಭಾಷಣಕ್ಕೆ ಒಂದು ತಾಜಾ ಉದಾಹರಣೆ ಸಿಕ್ಕರೆ ಸಾಕು ಎಂದು ನಾನು ಹುಡುಕುತ್ತಿದ್ದೆ.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ಅಂದು ನಮ್ಮ ಕಡೆ ಊರೊಳಗೆ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ನಾವು ನಿಂಬರ್ಗಾದಲ್ಲಿರುವ ಸುನಂದಾಳ ಅಣ್ಣನ ಹೊಲಕ್ಕೆ ಹೋದೆವು. ಪೂಜೆಯಾಯಿತು, ಭೂಮಿತಾಯಿಗೆ ಎಡೆಯ ಅನ್ನವನ್ನು ಚೆಲ್ಲುವ ಚರಗವೂ ಮುಗಿಯಿತು. ಆಮೇಲೆ ಊಟ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಹತ್ತಾರು ಕಾಯಿಪಲ್ಲೆ ಒಂದೇ ಗಡಿಗೆಯಲ್ಲಿ ಬೆಂದ ಭಜ್ಜಿ, ಮೇಲೆ ತಣ್ಣಗಿನ ಅಂಬಲಿ. ದಾರಿಯಲ್ಲಿ ಹೋಗುವ ಗುರುತಿಲ್ಲದವರನ್ನೂ ಕರೆದು ಕೂರಿಸಿ ಬಡಿಸುವ ದಿನ ಅದು. ಅಂಬಲಿ ಎರಡು ಗ್ಲಾಸು ಒಳಗೆ ಹೋದ ಮೇಲೆ ಮನುಷ್ಯನಿಗೆ ಲೋಕದ ಮೇಲೆ ದ್ವೇಷ ಉಳಿಯುವುದಿಲ್ಲ, ಎಚ್ಚರವೂ ಅಷ್ಟಾಗಿ ಉಳಿಯುವುದಿಲ್ಲ.

ಬೇವಿನ ಮರಕ್ಕೆ ಮಕ್ಕಳಿಗೆಂದು ಜೋಕಾಲಿ ಕಟ್ಟಿದ್ದರು. ಸುನಂದಾಳ ಅಣ್ಣ ಹೊಸದಾಗಿ ತಂದ ದಪ್ಪ ಹಗ್ಗ. ಮಕ್ಕಳು ಹಸಿ ಕಡಲೆ ಕೀಳಲು ಹೋದದ್ದೇ ತಡ, ನಾನು ಹೋಗಿ ಕೂತೆ. ಇನ್ನೊಂದು ಅನುಕೂಲವೂ ಇತ್ತು. ಇಡೀ ಹೊಲದಲ್ಲಿ ನನ್ನ ಫೋನಿಗೆ ನೆಟ್‌ವರ್ಕ್ ಸಿಗುವ ಜಾಗ ಅದೊಂದೇ. ಎದುರಿಗೆ ಒಣಗಿ ಗಲಗಲ ಎನ್ನುವ ತೊಗರಿ, ಅದರಾಚೆ ಜೋಳ, ದೂರದಲ್ಲಿ ಭೂಸನೂರಿನ ಕಡೆ ಕಬ್ಬಿನ ಟ್ರ್ಯಾಕ್ಟರುಗಳ ಹಾಡು. ಚಳಿಗಾಲದ ಬಿಸಿಲು ಮೈಮೇಲೆ ಹಗುರಾಗಿ ಬಿದ್ದಿತ್ತು. ಮುಂದೆ ಹೋದಾಗ ಆಕಾಶ ಹತ್ತಿರ ಬರುತ್ತಿತ್ತು, ಹಿಂದೆ ಬಂದಾಗ ನಿದ್ದೆ ಹತ್ತಿರ ಬರುತ್ತಿತ್ತು. ನಾನು ಎಲ್ಲಿದ್ದೇನೆ, ಎಷ್ಟು ವಯಸ್ಸಿನವನು ಎನ್ನುವುದೆಲ್ಲ ಮರೆತುಹೋಗಿತ್ತು. ಅಷ್ಟು ಸುಖವಾಗಿದ್ದೆ.

ಆಗ ಕೂಗು ಕೇಳಿಸಿತು. "ಯಾರರ ಬರ್ರೋ ಯಪ್ಪಾ, ನನ್ನ ಎಮ್ಮಿ ಹೋಯ್ತು!"

ಪಕ್ಕದ ಹೊಲದಲ್ಲಿ ಮೆಟ್ಟಿಲಿನ ಹಳೆಯ ಬಾವಿಯಿದೆ. ಕೂಲಿ ಮಾಡಿ ಬದುಕುವ ಶಾಂತವ್ವನ ಎಮ್ಮೆ ಅದರೊಳಗೆ ಜಾರಿತ್ತು. ಅವಳಿಗಿರುವುದು ಅದೊಂದೇ ಎಮ್ಮೆ, ಚೊಚ್ಚಲ ಗಬ್ಬ ಬೇರೆ. ಕೆಸರಿನಲ್ಲಿ ಹೂತು, ಕತ್ತು ಮಾತ್ರ ನೀರಿನ ಮೇಲಿತ್ತಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಕಂಡದ್ದು ಇಷ್ಟೇ: ಬಾವಿಯ ಸುತ್ತ ಜನ, ಅವರಲ್ಲಿ ಇಬ್ಬರು ಮೂವರ ಕೈಯಲ್ಲಿ ಫೋನು. ಹಳದಿ ಅಂಗಿಯ ಒಬ್ಬನಂತೂ ಬಗ್ಗಿ, ಕೈಚಾಚಿ, ಬಾವಿಯೊಳಕ್ಕೇ ಫೋನು ಹಿಡಿದಿದ್ದ.

ನನ್ನ ಮೈಯೆಲ್ಲ ಉರಿಯಿತು. ಸುಳ್ಳೇಕೆ ಹೇಳಲಿ, ಭಾಷಣಕ್ಕೆ ಉದಾಹರಣೆ ಸಿಕ್ಕಿತೆಂದು ಒಳಗೊಳಗೇ ತಂಪೂ ಆಯಿತು. ಕೂತಲ್ಲಿಂದಲೇ ಫೋನು ತೆಗೆದು, ದೂರದ್ದನ್ನು ಹತ್ತಿರ ಮಾಡಿಕೊಂಡು, ವಿಡಿಯೊ ಹಿಡಿದೆ. ಕೆಳಗೆ ಬರೆದೆ: "ಮೂಕಪ್ರಾಣಿ ಸಾಯುತ್ತಿದೆ. ನಿಂತವರು ವಿಡಿಯೊ ಮಾಡುತ್ತಿದ್ದಾರೆ. ಒಬ್ಬನಾದರೂ ಕೈಹಚ್ಚುತ್ತಾನೆಯೇ? ಎಲ್ಲಿದೆ ಮಾನವೀಯತೆ?" ನಮ್ಮ ಓಣಿಯ ವಾಟ್ಸಪ್ ಗುಂಪಿಗೆ ಕಳಿಸುವ ಗುಂಡಿ ಒತ್ತಿದೆ. ಪುಟ್ಟ ಚಕ್ರ ತಿರುಗತೊಡಗಿತು.

ಸುನಂದಾ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಬದು ಹಾರಿ ಬಂದಳು.

"ಏನ್ರೀ, ಇಳೀರಿ! ಹಗ್ಗ ಬೇಕಾಗೇದ!"

"ಯಾವ ಹಗ್ಗ?"

"ನೀವ್ ಕುಂತದ್ದು!"

ವಿಷಯ ಹೀಗಿತ್ತು. ಮೊದಲಾದರೆ ಎಳ್ಳ ಅಮಾವಾಸ್ಯೆಗೆ ಪ್ರತಿ ಹೊಲಕ್ಕೂ ಎತ್ತಿನ ಬಂಡಿ ಬರುತ್ತಿತ್ತು, ಬಂಡಿಗೊಂದು ಒಳ್ಳೆಯ ಹಗ್ಗ ಇರುತ್ತಿತ್ತು. ಈಗ ಎಲ್ಲರೂ ಬೈಕಿನಲ್ಲಿ ಬರುತ್ತಾರೆ. ಬಾವಿಯ ಸುತ್ತ ನಿಂತವರು ಆಗಲೇ ಹಗ್ಗಕ್ಕಾಗಿ ನಾಲ್ಕು ದಿಕ್ಕಿಗೂ ಜನ ಓಡಿಸಿದ್ದರು. ಆ ಸೀಮೆಗೆಲ್ಲ ಎಮ್ಮೆಯ ತೂಕ ತಾಳುವ ಹಗ್ಗ ಒಂದೇ ಒಂದು, ಅದರ ಮೇಲೆ ನಾನು.

"ಒಂದ್ನಿಮಿಷ ತಡೀ, ವಿಡಿಯೊ ಹೋಗಾಕತ್ತೇದ. ಎದ್ರ ನೆಟ್‌ವರ್ಕ್ ಹೋಗ್ತದ," ಎಂದೆ. ಈ ಮಾತು ನನ್ನ ಬಾಯಿಂದ ಬಂದದ್ದು ನಿಜ. ಅವಳು ನನ್ನನ್ನು ಹೇಗೆ ನೋಡಿದಳೆಂದು ಬರೆಯುವ ಧೈರ್ಯ ನನಗಿಲ್ಲ.

ಅವಳ ಹಿಂದೆಯೇ ಹಳದಿ ಅಂಗಿಯವನು ಓಡಿ ಬಂದ. ಶಾಂತವ್ವನ ಮನೆಯ ಪಕ್ಕದ ಬಸಣ್ಣ. "ಸರ, ಸ್ವಲ್ಪ ಏಳ್ರಿ," ಎಂದವನೇ ಸರಸರ ಮರ ಹತ್ತಿ ಹಗ್ಗ ಬಿಚ್ಚತೊಡಗಿದ. ಅವನ ಜೇಬಿನ ಫೋನಿನಿಂದ ಯಾರೋ ಮಾತಾಡುತ್ತಲೇ ಇದ್ದರು: "ಹೊಟ್ಟಿಗಿ ಕಟ್ಟಬ್ಯಾಡ್ರಿ, ಗಬ್ಬ ಅದ. ಎದಿಗಿ ಕಟ್ರಿ. ಮೆಟ್ಟಲ ಕಡೆ ತಿರುಗಿಸಿ ಎಳೀರಿ. ಉಸುರಾಟ ಮತ್ತೊಮ್ಮಿ ತೋರಸ್ರಿ." ಅದು ವಿಡಿಯೊ ಕಾಲಿನಲ್ಲಿದ್ದ ದನದ ಡಾಕ್ಟರರ ದನಿ. ಬಸಣ್ಣ ಎಮ್ಮೆಯ ಮುಖಕ್ಕೆ ಫೋನು ಹಿಡಿದದ್ದು ಅದಕ್ಕೆ. ನನಗೆ ನೆಲ ಬಾಯಿ ತೆರೆಯಬಾರದೇ ಎನ್ನಿಸಿತು. ಅದೇ ಹೊತ್ತಿಗೆ ಚಕ್ರ ನಿಂತು, ವಿಡಿಯೊ ಹೋಗಿಬಿಟ್ಟಿತು.

ಫೋನನ್ನು ಮರದ ಬುಡದಲ್ಲೇ ಬಿಸಾಕಿ ನಾನೂ ಓಡಿದೆ. ನಾಲ್ಕು ಹೊಲದ ಗಂಡಸರು ಹೆಂಗಸರು ತಾಟು ಬಿಟ್ಟು ಬಂದಿದ್ದರು, ಎಷ್ಟೋ ಜನರ ಕೈಗೆ ಇನ್ನೂ ಭಜ್ಜಿ ಮೆತ್ತಿತ್ತು. ಹಗ್ಗದ ಉದ್ದಕ್ಕೂ ಕೈ ಇಡಲು ಜಾಗವಿರಲಿಲ್ಲ. ನನಗೆ ಸಿಕ್ಕಿದ್ದು ತುದಿಯ ಒಂದು ಗೇಣು. ಎಳೆದೆನೋ ಹಿಡಿದುಕೊಂಡು ನಿಂತೆನೋ ಈಗಲೂ ಖಚಿತವಿಲ್ಲ. ಎಮ್ಮೆ ಮೆಟ್ಟಿಲು ಹತ್ತಿ ಮೇಲೆ ಬಂದು, ಮೈ ಒದರಿ, ಕೆಸರನ್ನೆಲ್ಲ ನನ್ನ ಹಬ್ಬದ ಅಂಗಿಗೆ ಹಂಚಿತು. ಶಾಂತವ್ವ ಅದರ ಕೊರಳಿಗೆ ಕೆನ್ನೆ ಹಚ್ಚಿ ಅತ್ತಳು. ನನ್ನ ಕಣ್ಣೂ ತುಂಬಿತು. ಅದನ್ನು ನಾನು ವಿಡಿಯೊ ಮಾಡಲಿಲ್ಲ ಎಂದು ಹೆಮ್ಮೆಯಿಂದ ಹೇಳಬಹುದಿತ್ತು, ಆದರೆ ಫೋನು ಜತೆಯಲ್ಲಿರಲಿಲ್ಲ.

ಮರದ ಬಳಿ ಬಂದು ನೋಡಿದರೆ ಗುಂಪಿನಲ್ಲಿ ಹಬ್ಬ ನಡೆದಿತ್ತು. ಕೈಮುಗಿದ ಚಿತ್ರಗಳು, ಅಳುವ ಮುಖಗಳು, ಹಳದಿ ಅಂಗಿಯವನಿಗೆ ಬೈಗುಳ. ಅವನು ಮನುಷ್ಯನೇ ಅಲ್ಲ ಎಂದು ನಮ್ಮ ಕಿರಾಣಿ ಅಂಗಡಿಯವರು ತೀರ್ಪು ಕೊಟ್ಟಿದ್ದರು. ಡ್ರಿಲ್ ಮಾಸ್ತರರು ಮಾತ್ರ ಒಂದೇ ಪ್ರಶ್ನೆ ಕೇಳಿದ್ದರು: "ವಿಡಿಯೊ ಯಾಕ್ರೀ ಸರ ಹಿಂಗ ತೂಗಾಕತ್ತೇದ?"

ವಿಡಿಯೊ ಅಳಿಸಿದೆ. ನಡೆದದ್ದನ್ನೆಲ್ಲ, ಜೋಕಾಲಿಯನ್ನೂ ಸೇರಿಸಿ, ಬರೆದು ಹಾಕಿದೆ. ಬಸಣ್ಣನ ಹತ್ತಿರ ಹೋಗಿ ಕ್ಷಮೆ ಕೇಳಿದಾಗ ಅವನು, "ಇರ್ಲಿ ಬಿಡ್ರಿ ಸರ, ಅಂಗಿ ಛಲೋ ಬಂದೇದೇನ್ ಅದ್ರಾಗ?" ಎಂದು ನಕ್ಕ. ಬೈದಿದ್ದರೆ ನಾನು ಹಗುರಾಗುತ್ತಿದ್ದೆ. ಶಾಲೆಯ ಭಾಷಣ ಮೂರು ನಿಮಿಷಕ್ಕೇ ಮುಗಿಯಿತು. ಅಷ್ಟು ಒಳ್ಳೆಯ ಭಾಷಣ ನಾನು ಹಿಂದೆಂದೂ ಮಾಡಿರಲಿಲ್ಲವೆಂದು ಹೆಡ್‌ಮಾಸ್ತರರು ಕೈಕುಲುಕಿದರು.

ಒಂದೂವರೆ ತಿಂಗಳ ಮೇಲೆ ನಿಂಬರ್ಗಾಕ್ಕೆ ಹೋದಾಗ ಶಾಂತವ್ವ ಸೆರಗಿನಡಿ ಒಂದು ಡಬ್ಬಿ ಹಿಡಿದು ಬಂದಳು. ಎಮ್ಮೆ ಹೆಣ್ಣುಕರು ಹಾಕಿತ್ತು. ಮೊದಲ ಹಾಲಿನ ಗಿಣ್ಣ ಮಾಡಿ, ಅಂದು ಹಗ್ಗ ಎಳೆದ ಮನೆಮನೆಗೂ ಹಂಚುತ್ತಿದ್ದಳು. ನನಗೆ ನಾಚಿಕೆಯಾಯಿತು.

"ನನಗ್ಯಾಕ ಬೇ ಶಾಂತವ್ವಾ? ನಾ ಏನ್ ಮಾಡೇನಿ?" ಎಂದೆ.

ಅವಳು ಯೋಚಿಸಿದಳು. ಸುಳ್ಳು ಹೇಳುವ ಹೆಂಗಸಲ್ಲ.

"ಹಗ್ಗ ಕೊಟ್ಟೀರಲ್ರಿ ಸರ," ಎಂದಳು. "ತಡಾ ಆದ್ರೂ ಕೊಟ್ರಿ."

ಸುನಂದಾ ತಾಟಿಗೆ ಹಾಕಿ ಕೊಟ್ಟಳು. ಏಲಕ್ಕಿಯ ಘಮ, ಮೇಲೆ ಬೆಲ್ಲದ ತಿಳಿ ಬಣ್ಣ, ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದು ನಡುಗುತ್ತಿತ್ತು. ನೋಡುತ್ತ ಕೂತೆ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಶಾಂತವ್ವ, ಸುನಂದಾ ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

ಕೈ ಹೊರಗೆ ತೆಗೆದು, ಹಗ್ಗದ ಪಾಲಿನ ಗಿಣ್ಣವನ್ನು ಸುಮ್ಮನೆ ತಿಂದೆ.